ಜೋಡಿಯಾಗದ ಹೆಬ್ಬೆರಳು

“ಇನ್ನೊಂಚೂರು ಎಳೆಯಪ್ಪಾ, ಬೆಳಿಗ್ಗೆ ಏನೂ ತಿಂದಿಲ್ವಾ ನೀನು?” ಎಂದಳು ಪೇಚ್ಚಿಯಮ್ಮಾಳ್.

ಹೆಣದ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ ಕ್ಷೌರಿಕ ಮಾಯಾಂಡಿ ಮತ್ತೊಮ್ಮೆ ಎಳೆದ. ಸತ್ತವರ ಎರಡೂ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಿಳಿ ಬಟ್ಟೆಯ ಚೂರಿನಿಂದ ಕಟ್ಟುವುದು ಅವನಿಗೆ ಬೀಡಿ ಹಚ್ಚಿದಷ್ಟೇ ಸಲೀಸು. ಇವತ್ತು ಮಾತ್ರ ಅದು ಆಗುತ್ತಿರಲಿಲ್ಲ. ಇರುಳಪ್ಪನ್‌ನ ಎಡಗಾಲು ಬೆಂಚಿನ ತುದಿಯವರೆಗೆ ಚಾಚಿತ್ತು. ಬಲಗಾಲು ಅಷ್ಟು ದೂರ ಬರುತ್ತಲೇ ಇರಲಿಲ್ಲ. ಅದರ ಮೀನಖಂಡ ಸೊರಗಿ ಹೋಗಿತ್ತು, ಪಾದವೂ ಚಿಕ್ಕದು, ಅವನಿಗಿಂತ ಚಿಕ್ಕ ವಯಸ್ಸಿನ ಬೇರೆ ಯಾರದ್ದೋ ಕಾಲು ಅನ್ನಬೇಕು.

“ಬರಲ್ಲ ಅಮ್ಮಾ. ಕಾಲೇ ಗಿಡ್ಡ ಇದೆ.”

“ಗಿಡ್ಡ ಎಲ್ಲಿಂದ ಬಂತು? ಸೈಕಲ್ಲಿಂದ ಬಿದ್ದು ಸೊಟ್ಟಗಾಗಿದ್ದು. ಸತ್ತಮೇಲೂ ಸೆಟೆದುಕೊಂಡಿದಾನೆ ನೋಡು. ಹುಟ್ಟಿದಾಗಿಂದ ಹಂಗೇ. ಹೇಳಿದ ಕಡೆ ಬರೋ ಜಾತಿಯೇ ಅಲ್ಲ.”

ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರು ಸಾವಿನ ಮನೆಯಲ್ಲಿ ಎಷ್ಟು ನಗಬಹುದೋ ಅಷ್ಟು ನಕ್ಕರು. ಪೇಚ್ಚಿಯಮ್ಮಾಳ್ ಸತ್ತವನಿಗೆ ಸೋದರತ್ತೆ. ಎಂಬತ್ತರ ಹತ್ತಿರ ಬಂದಿದ್ದರೂ ಆ ಬೀದಿಯ ಕೂಸುಗಳ ವಿಚಾರದಲ್ಲಿ ಆಕೆಯ ಮಾತೇ ಕಡೆಯ ಮಾತು. ಯಾವ ಮಗುವಿಗೆ ಯಾವಾಗ ಹಲ್ಲು, ಯಾವಾಗ ನಡಿಗೆ, ಯಾವಾಗ ಮಾತು ಎಂದು ಹೇಳುವಾಕೆ ಆಕೆ. ತಪ್ಪಿದರೆ ತಪ್ಪು ಮಗುವಿನದು.

ಕಯಲ್‌ವಿಳಿ ಮಾತ್ರ ನಗಲಿಲ್ಲ. ಸತ್ತವನ ತಮ್ಮನ ಮಗ ಪಾಂಡೀಶ್ವರನ್‌ನ ಹೆಂಡತಿ ಅವಳು. ಸೊಂಟದ ಮೇಲೆ ಒಂದೂವರೆ ವರ್ಷದ ಮಗ ನಿತಿಲನ್ ಇದ್ದ. ಅವನ ಎಡಗೈಯನ್ನು ಹಳೆಯ ಟವೆಲ್ಲಿನಿಂದ ಹೊಟ್ಟೆಗೆ ಬಿಗಿದು ಕಟ್ಟಲಾಗಿತ್ತು. ಮದುವೆಯಾಗಿ ಬಂದು ಐದು ವರ್ಷವಾಗಿದ್ದರೂ ಅವಳು ದೊಡ್ಡ ಮಾವನ ಬರಿಗಾಲನ್ನು ನೋಡಿದ್ದು ಇವತ್ತೇ. ಆತ ಯಾವಾಗಲೂ ಪಂಚೆಯನ್ನು ಪಾದ ಮುಚ್ಚುವ ಹಾಗೆ ಉಡುತ್ತಿದ್ದ. ಕುಂಟುವುದೇಕೆ ಎಂದರೆ ಸೈಕಲ್ಲಿನ ಕತೆ ಸಿದ್ಧವಾಗಿತ್ತು.

ಅವಳು ಹೆಣದ ಬಲಗಾಲನ್ನು ನೋಡಿದಳು. ಆಮೇಲೆ ಮಗನ ಬಲಗಾಲನ್ನು ನೋಡಿದಳು. ಆ ಕಾಲಿನ ಚಪ್ಪಲಿ ಎಷ್ಟು ಸಲ ಹಾಕಿದರೂ ಕಳಚಿ ಬೀಳುತ್ತದೆಂದು ಅವಳು ಅಂಗಡಿಯವನನ್ನು ಬೈದಿದ್ದಳು. ಈಗ ಅವಳು ಮಗನ ಎರಡೂ ಪಾದಗಳನ್ನು ಜೋಡಿಸಿ ಹಿಡಿದು ಅಳೆದು ನೋಡಿದಳು.

ಮಾಯಾಂಡಿ ಕೊನೆಗೆ ಉದ್ದನೆಯ ಬಟ್ಟೆ ತರಿಸಿ, ಒಂದು ಬೆರಳಿನಿಂದ ಇನ್ನೊಂದಕ್ಕೆ ಓರೆಯಾಗಿ ಎಳೆದು ಕಟ್ಟಿದ. ಎಲ್ಲರಿಗೂ ಸಮಾಧಾನವಾಯಿತು.

*

ಇರುಳಪ್ಪನ್ ಕೂಸಾಗಿದ್ದಾಗ ಎಲ್ಲದಕ್ಕೂ ಎಡಗೈ ಚಾಚುತ್ತಿದ್ದ. ಬಾಳೆಹಣ್ಣಿಗೂ ಅದೇ, ಅಮ್ಮನ ಕೂದಲಿಗೂ ಅದೇ. ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಯ ಹತ್ತಿರ ಸುಮ್ಮನೆ ಇರುತ್ತಿತ್ತು. ಆಗ ಹದಿಹರೆಯದ ಹುಡುಗಿಯಾಗಿದ್ದ ಪೇಚ್ಚಿಯಮ್ಮಾಳ್‌ಗೆ ಕಂಡದ್ದು ಎಡಗೈಯ ಕೊಬ್ಬು ಮಾತ್ರ. ಎಡಗೈಯನ್ನು ಕಟ್ಟಿಹಾಕಿದರೆ ಬಲಗೈ ತಾನಾಗಿ ದಾರಿಗೆ ಬರುತ್ತದೆ ಎಂದು ಆಕೆ ತೀರ್ಪು ಕೊಟ್ಟಳು. ಮನೆಯವರು ಒಪ್ಪಿದರು. ಆ ಮನೆಯಲ್ಲಿ ಜೋರಾಗಿ ಹೇಳಿದ್ದೇ ನಿಜವೆಂಬ ಪದ್ಧತಿ ಆಗಲೂ ಇತ್ತು.

ಕಟ್ಟಿದ ಕೂಸು ಬಿದ್ದಾಗ ಕೈ ಊರಲಾಗದೆ ಮುಖ ಒಡೆದುಕೊಂಡಿತು. ತಟ್ಟೆಯ ಮುಂದೆ ಕೂರಿಸಿದರೆ ನಾಯಿಮರಿಯ ಹಾಗೆ ಬಾಯಿ ಹಾಕಿತು. ಅದೂ ಹಟದ ಲೆಕ್ಕಕ್ಕೇ ಸೇರಿತು. ಒಂದು ದಿನ ಅವನ ತಾಯಿ ಅಳುತ್ತಾ ಕಟ್ಟು ಬಿಚ್ಚಿ ಒಲೆಗೆ ಹಾಕಿದಳು. ಅಲ್ಲಿಂದ ಮುಂದೆ ಪೇಚ್ಚಿಯಮ್ಮಾಳ್‌ಗೆ ಬಹಳ ಅನುಕೂಲವಾಯಿತು. ಬಲಗೈ ಬರಲಿಲ್ಲವೆಂದರೆ ಅದಕ್ಕೆ ಕಾರಣ ಕಟ್ಟಿದವಳಲ್ಲ, ಬಿಚ್ಚಿದವಳು.

ಅದೇ ಕತೆಯನ್ನು ಕೇಳುತ್ತಾ ಇರುಳಪ್ಪನ್ ದೊಡ್ಡವನಾದ. ಹೆಣ್ಣು ಯಾರೂ ಕೊಡಲಿಲ್ಲ. ದಿಂಡಿಗಲ್ ಬಸ್ ನಿಲ್ದಾಣದ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ಕೂತ. ಕಾಲ ಹೋದಂತೆ ಸೈಕಲ್ಲುಗಳ ಜಾಗಕ್ಕೆ ಬೈಕುಗಳು ಬಂದವು, ಅವನು ಅದೇ ಮುರುಕು ಸ್ಟೂಲಿನ ಮೇಲಿದ್ದ. ಎಡಗೈಯಿಂದ ಚಿಲ್ಲರೆ ಕೊಟ್ಟರೆ ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಕೆಲವರು ಕೆನ್ನೆಗೆ ಬಾರಿಸಿದ್ದೂ ಉಂಟು. ಅದಕ್ಕೆ ಒಂದು ತಟ್ಟೆ ಇಟ್ಟುಕೊಂಡ. ಚಿಲ್ಲರೆಯನ್ನು ತಟ್ಟೆಗೆ ಹಾಕಿ ಮುಂದಕ್ಕೆ ತಳ್ಳುವುದು, ಅವರು ಬಲಗೈಯಿಂದ ಎತ್ತಿಕೊಳ್ಳುವುದು. ಊರಿನ ಮರ್ಯಾದೆ ಉಳಿಯಿತು.

ನಿನ್ನೆ ಮಧ್ಯಾಹ್ನ ಅಲ್ಲೇ ಗೋಡೆಗೆ ಒರಗಿ ಸತ್ತಿದ್ದ. ನಿದ್ದೆ ಮಾಡುತ್ತಿದ್ದಾನೆಂದುಕೊಂಡು ಮರ್ಯಾದಸ್ಥರು ಒಬ್ಬೊಬ್ಬರಾಗಿ ದುಡ್ಡು ಕೊಡದೆ ಬೈಕು ತೆಗೆದುಕೊಂಡು ಹೋದರು. ಸ್ಟ್ಯಾಂಡ್ ಪೂರ್ತಿ ಖಾಲಿಯಾದ ಮೇಲಷ್ಟೇ ಟೀ ಅಂಗಡಿಯವನಿಗೆ ಅನುಮಾನ ಬಂದದ್ದು.

*

ಸಾವಿನ ತಮಟೆಯಾದ ಪರೆ ಬಾರಿಸುವವರು ಬೀದಿಯಲ್ಲಿ ಬೆಂಕಿ ಮಾಡಿಕೊಂಡು ಚರ್ಮ ಕಾಯಿಸುತ್ತಿದ್ದರು. ಹೆಂಗಸರು ಸುತ್ತು ಕಟ್ಟಿ ಕೂತು ಹಾಡಿಕೊಂಡು ಅತ್ತರು. ಬದುಕಿದ್ದಾಗ ‘ಕುಂಟ’ ಎಂದು ಕರೆದವರ ಬಾಯಲ್ಲಿ ಅವನು ಈಗ ರಾಜ, ಸಿಂಹ, ಬಂಗಾರದ ಕಂಬ ಎಲ್ಲ ಆಗಿದ್ದ. ಎರಡು ಹಾಡಿನ ನಡುವೆ ಎಲೆ ಅಡಿಕೆ ನಡೆಯುತ್ತಿತ್ತು.

ನಿವೃತ್ತ ಹೆಡ್‌ಮಾಸ್ಟರ್ ತಂಗರಾಸು ದೊಡ್ಡ ಹಾರ ತಂದಿದ್ದರು. ದೂರದ ನೆಂಟರು, ತಿಳಿದವರು. ಸಾವಿನ ಮನೆಯಲ್ಲಿ ಮಾತಿಗೊಂದು ವಿಷಯ ಬೇಕಿತ್ತು. ಟವೆಲ್ಲು ಕಟ್ಟಿದ ಮಗು ಕಣ್ಣಿಗೆ ಬಿತ್ತು.

“ಏನತ್ತೆ ಇದು, ಕಳ್ಳನ್ನ ಕಟ್ಟಿದ ಹಾಗೆ ಕಟ್ಟಿದೀರಿ?”

“ಎಡಗೈ ಕಣಪ್ಪಾ,” ಎಂದಳು ಪೇಚ್ಚಿಯಮ್ಮಾಳ್. “ಅನ್ನಕ್ಕೂ ಅದೇ, ವಿಭೂತಿಗೂ ಅದೇ. ನಾಳೆ ಇವನಿಗೂ ಯಾರು ಹೆಣ್ಣು ಕೊಡ್ತಾರೆ?”

“ಅಯ್ಯೋ, ಯಾವ ಕಾಲದಲ್ಲಿದೀರಿ? ಎಡಚರ ಮೆದುಳೇ ಬೇರೆ. ದೊಡ್ಡ ದೊಡ್ಡ ವಿಜ್ಞಾನಿಗಳು, ಕ್ರಿಕೆಟ್ ಆಡೋರು, ಎಲ್ಲ ಎಡಚರೇ. ನಾನು ಮೂವತ್ತು ವರ್ಷ ಮಕ್ಕಳನ್ನ ನೋಡಿದೋನು.”

“ನೀನು ನೋಡಿದ್ದು ಕಾಲು ಬಂದ ಮಕ್ಕಳನ್ನ. ನಾನು ಕಾಲು ಬರಿಸಿದೋಳು.”

ಕುರ್ಚಿಗಳೆಲ್ಲ ಎರಡು ಪಕ್ಷವಾದವು. ಎಡಗೈ ಅಪಶಕುನ ಎನ್ನುವವರು ಒಂದು ಕಡೆ, ಎಡಗೈ ಅದೃಷ್ಟ ಎನ್ನುವವರು ಇನ್ನೊಂದು ಕಡೆ. ಬಿಸಿಬಿಸಿ ಚರ್ಚೆ. ಅಷ್ಟು ಜನರಲ್ಲಿ ಒಬ್ಬನಾದರೂ ಆ ಮಗುವಿನ ಬಲಗೈ ಕಡೆ ಕಣ್ಣು ಹಾಕಿದ್ದರೆ ಕೇಳಿ.

ಕಯಲ್‌ವಿಳಿಗೆ ತಡೆಯಲಾಗಲಿಲ್ಲ. “ಮಾವ, ಎಡಗೈ ವಿಷಯ ಬಿಡಿ. ಬಲಗೈ ಒಂದ್ಸಲ ನೋಡಿ. ಮುಷ್ಟಿ ಬಿಡಿಸೋದೇ ಇಲ್ಲ. ಆಟದ ಸಾಮಾನು ಕೊಟ್ರೆ ಹಿಡಿಯೋಕೇ ಬರಲ್ಲ.”

ತಂಗರಾಸು ಆ ಮುಷ್ಟಿಯನ್ನು ತಮ್ಮ ಎರಡು ಬೆರಳಲ್ಲಿ ಹಿಡಿದು ಕುಲುಕಿದರು. “ಏನ್ ಬಿಗಿ ನೋಡ್ರೀ! ಕುಸ್ತಿ ಹೊಡೆಯೋ ಮಗ ಇವನು. ನೀನು ಸುಮ್ಮನೆ ಮೊಬೈಲ್ ನೋಡಿ ಹೆದರ್ಕೋಬೇಡಮ್ಮಾ. ನಮ್ಮ ಮನೇಲಿ ಎಲ್ಲಾ ನಿಧಾನ. ನನ್ನ ಮಗ ಎರಡು ವರ್ಷಕ್ಕೆ ನಡೆದ. ಈಗ ಪೊಲೀಸು.”

ಎಲ್ಲರೂ ತಲೆಯಾಡಿಸಿದರು. ಪೊಲೀಸು ಎಂದ ಮೇಲೆ ಮಾತು ಮುಗಿದ ಹಾಗೆಯೇ.

ಪಾಂಡೀಶ್ವರನ್ ಬರಿಮೈಯಲ್ಲಿ, ತಲೆ ಬೋಳಿಸಿಕೊಳ್ಳಲು ಮಾಯಾಂಡಿಗೆ ಕಾಯುತ್ತಾ ಹಿತ್ತಲಲ್ಲಿ ನಿಂತಿದ್ದ. ದೊಡ್ಡಪ್ಪನಿಗೆ ಕೊಳ್ಳಿ ಇಡಬೇಕಾದವನು ಅವನೇ. ಕಯಲ್‌ವಿಳಿ ಅಲ್ಲಿಗೆ ಹೋದಳು.

“ದೊಡ್ಡ ಮಾವನ ಕಾಲು ನೋಡಿದ್ರಾ?”

“ಈಗ ಕಾಲು ನೋಡೋ ಹೊತ್ತೇನೇ?”

“ಕೈ ಒಂದೇ ಅಲ್ಲ ರೀ. ಅವರ ಬಲಗಡೆ ಪೂರ್ತಿ ಹಂಗೇ ಇದೆ. ಯಾವ ಸೈಕಲ್ಲಿಂದಾನೂ ಬಿದ್ದಿಲ್ಲ ಅವರು. ನಮ್ಮೋನೂ ತೆವಳೋವಾಗ ಆ ಕಡೇನ ಎಳ್ಕೊಂಡು ಹೋಗ್ತಾನೆ. ಹಿಡ್ಕೊಂಡು ನಿಲ್ಲಿಸಿದ್ರೆ ಬಲಗಾಲು ಬೆರಳ ತುದೀಲಿ ನಿಲ್ಲುತ್ತೆ. ನಿಮಗೆ ಕಾಣೋದೇ ಇಲ್ವಾ?”

“ಕಾಣುತ್ತೆ ಕಣೇ,” ಎಂದ ಅವನು ನೆಲ ನೋಡುತ್ತಾ. “ಹದಿನಾರನೇ ದಿನದ ಕಾರ್ಯ ಮುಗೀಲಿ. ಆಮೇಲೆ ಅಜ್ಜೀನ ಒಂದು ಮಾತು ಕೇಳಿ ಆಸ್ಪತ್ರೆಗೆ ಹೋಗೋಣ.”

ಕಾಣುತ್ತದಂತೆ. ಕಂಡೂ ಇವತ್ತು ಬೆಳಿಗ್ಗೆ ಅಜ್ಜಿ ಹೇಳಿದಳೆಂದು ಆ ಟವೆಲ್ಲು ಬಿಗಿದವನು ಅವನೇ. ಮೊದಲು ಕಿವಿ ಚುಚ್ಚುವುದು ಆಗಲಿ ಎಂದಿದ್ದ, ಆಮೇಲೆ ಕುಲದೇವರಿಗೆ ಮುಡಿ ಕೊಡುವುದು, ಆಮೇಲೆ ಅಶುಭದ ಆಡಿ ತಿಂಗಳು ಕಳೆಯಲಿ. ಈಗ ಹೆಣವೊಂದು ಸಿಕ್ಕಿತು. ಅವನಿಗೆ ಅಜ್ಜಿಯ ಬಾಯಿಯ ಭಯ ಎಷ್ಟಿತ್ತೆಂದರೆ ಮಗನ ಕೈಯನ್ನು ಅದಕ್ಕೆ ಬಲಿ ಕೊಡಲು ಅವನು ತಯಾರಿದ್ದ. ಕಯಲ್‌ವಿಳಿಗೆ ಗಂಡನ ಮೇಲೆ ಸಿಟ್ಟೂ ಬರಲಿಲ್ಲ. ಬಂದದ್ದು ಹೇಸಿಗೆ.

*

ಆರು ತಿಂಗಳ ಹಿಂದೆ, ನಿತಿಲನ್‌ಗೆ ವರ್ಷ ತುಂಬಿದ ಹೊತ್ತಿನಲ್ಲಿ ಲಸಿಕೆಗೆ ಹೋದಾಗ ನರ್ಸು ಒಂದು ಬಿಸ್ಕತ್ತನ್ನು ಅವನ ಬಲಗಡೆ ಹಿಡಿದಿದ್ದಳು. ಎಡಗೈ ಎದೆಯನ್ನು ದಾಟಿ ಬಂದು ಅದನ್ನು ಕಸಿಯಿತು. ಎಡಗೈಯನ್ನು ಮೆತ್ತಗೆ ಹಿಡಿದುಕೊಂಡು ಇನ್ನೊಂದು ಕೊಟ್ಟಳು. ಮಗು ಬಲಗೈಯನ್ನು ಎತ್ತದೆ ಬಾಯಿಯನ್ನೇ ಮುಂದೆ ತಂದಿತು.

“ಎಡಚ ಅಂತೆ, ನಮ್ಮನೇಲಿ ಹೇಳ್ತಾರೆ,” ಎಂದಳು ಕಯಲ್‌ವಿಳಿ.

“ಇಷ್ಟು ಚಿಕ್ಕ ಮಕ್ಕಳು ಎರಡೂ ಕೈ ಬಳಸ್ಬೇಕಮ್ಮಾ. ಯಾವ ಕೈ ಅಂತ ಗೊತ್ತಾಗೋದು ಇನ್ನೂ ತಡವಾಗಿ. ಈಗಲೇ ಒಂದನ್ನೇ ಬಳಸ್ತಾನೆ ಅಂದ್ರೆ ಇನ್ನೊಂದು ಯಾಕೆ ಬರ್ತಿಲ್ಲ ಅಂತ ನೋಡ್ಬೇಕು. ನಾನು ಡಾಕ್ಟರಲ್ಲ. ಏನೂ ಇಲ್ಲದೇನೂ ಇರಬಹುದು. ಮಧುರೈ ದೊಡ್ಡಾಸ್ಪತ್ರೇಲಿ ತೋರಿಸಿಬಿಡಿ. ತಡ ಮಾಡ್ಬೇಡಿ, ಎಷ್ಟು ಬೇಗ ಶುರು ಮಾಡ್ತೀರೋ ಅಷ್ಟು ಒಳ್ಳೇದು.”

ಮನೆಗೆ ಬಂದು ಹೇಳಿದಾಗ ಪೇಚ್ಚಿಯಮ್ಮಾಳ್ ಅಡಿಕೆ ಕತ್ತರಿಸುತ್ತಿದ್ದಳು. “ಸೂಜಿ ಚುಚ್ಚೋಕೆ ಸಂಬಳ ಕೊಟ್ರೆ ಶಾಸ್ತ್ರ ಹೇಳೋಕೆ ನಿಂತಳಾ ಅವಳು? ನಮ್ಮ ಮನೆ ಮಗೂಗೆ ಊನ ಅಂತಾಳೆ, ನೀನು ಕೇಳ್ಕೊಂಡು ಬರ್ತೀಯಾ? ಇರುಳಪ್ಪಾ, ಬಾರೋ ಇಲ್ಲಿ. ಇವನ ಎಡಗೈ ಕಟ್ಟು.”

ಇರುಳಪ್ಪನ್ ಬಂದ. ಕಯಲ್‌ವಿಳಿ ಅವನ ಮುಖ ನೋಡಿದಳು. ಈ ಮನೆಯಲ್ಲಿ ಬೇಡ ಎನ್ನುವುದಿದ್ದರೆ ಇವನು ಅನ್ನಬೇಕು. ಇವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಟವೆಲ್ಲಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಸುತ್ತಿ, ಮಗುವಿನ ಕೈಯನ್ನು ಕಟ್ಟಿದ. ಬೈಕಿನ ಹಿಂದೆ ಸಾಮಾನು ಬಿಗಿದು ಬಿಗಿದು ಅಭ್ಯಾಸವಾದ ಗಂಟು. ಎಳೆದಷ್ಟೂ ಬಿಗಿಯಾಗುವ ಆ ಗಂಟನ್ನು ಪಾಂಡೀಶ್ವರನ್‌ಗೂ ಹೇಳಿಕೊಟ್ಟ. ಆಸ್ತಿ ಅಂತ ಅವನು ಬಿಟ್ಟುಹೋದದ್ದು ಅದೊಂದೇ.

“ಮಾವ, ನಿಮ್ಮ ಬಲಗೈ ಯಾವತ್ತಾದ್ರೂ ಬಂದಿತ್ತಾ?” ಎಂದು ಕೇಳಿದಳು.

“ನನ್ನದು ಹಟ ಕಣಮ್ಮಾ. ಅಮ್ಮ ಕನಿಕರಪಟ್ಟು ಬಿಚ್ಚಿಬಿಟ್ಟಳು. ಅತ್ತೆ ಮಾತು ಕೇಳಿ ಇನ್ನೊಂದು ವರ್ಷ ಕಟ್ಟೇ ಇಟ್ಟಿದ್ರೆ ಬಂದಿರೋದು.”

ಅರವತ್ತರ ಗಂಡಸು, ಹಾಲು ಕುಡಿಯುವ ಕೂಸಾಗಿದ್ದಾಗಿನ ತನ್ನದೇ ತಪ್ಪನ್ನು ಒಪ್ಪಿಕೊಂಡು ನಿಂತಿದ್ದ. ಕಯಲ್‌ವಿಳಿಗೆ ಅವನ ಮೇಲೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮಗು ಅಳುತ್ತಿದ್ದಾಗ ಅವನು ಅದರ ಮುಖವನ್ನೂ ನೋಡದೆ ಸ್ಟ್ಯಾಂಡಿಗೆ ಹೊರಟುಹೋಗಿದ್ದ.

*

ಹೆಣಕ್ಕೆ ಎಣ್ಣೆ ಸೀಗೆ ಸೋಕಿಸಿ, ಸ್ನಾನ ಮಾಡಿಸಿ, ಹೊಸ ಪಂಚೆ ಹೊದಿಸಿ ಚಟ್ಟದ ಮೇಲೆ ಮಲಗಿಸಿದರು. ಇನ್ನು ಮೊಮ್ಮಕ್ಕಳು ತುಪ್ಪದ ಪಂಜು ಹಿಡಿದು ಸುತ್ತು ಬರಬೇಕು. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ತುಪ್ಪದಲ್ಲಿ ಅದ್ದಿದ ಸಣ್ಣ ಪಂಜುಗಳು. ಬೀದಿಯ ನೆಂಟರ ಮಕ್ಕಳು ಒಂದೊಂದು ಹಿಡಿದು ನಿಂತವು. ಸ್ವಂತ ಮನೆಯ ಮೊಮ್ಮಗ ಅಂದರೆ ನಿತಿಲನ್ ಒಬ್ಬನೇ.

“ಇವನೇ ಮೊದಲು,” ಎಂದಳು ಪೇಚ್ಚಿಯಮ್ಮಾಳ್.

“ಕಟ್ಟು ಬಿಚ್ಚಿ ಎಡಗೈಲಿ ಹಿಡಿಸ್ತೀನಿ ಅಜ್ಜಿ,” ಎಂದಳು ಕಯಲ್‌ವಿಳಿ. “ಬಲಗೈಲಿ ನಿಲ್ಲಲ್ಲ.”

“ಸತ್ತೋನಿಗೆ ಎಡಗೈಲಿ ಪಂಜಾ? ಬುದ್ಧಿ ಇದೆಯಾ ನಿನಗೆ?”

“ಬೆಂಕಿ ಅಜ್ಜಿ ಅದು. ನಾನೇ ಜೊತೆಗೆ ಹಿಡ್ಕೋತೀನಿ.”

“ಯಾರೂ ಹಿಡ್ಕೋಬೇಡಿ. ಎಷ್ಟು ಜನ ಇದೀರಿ, ಎಲ್ಲ ನೋಡಿ. ಕಟ್ಟಿದ್ದಕ್ಕೆ ಕೈ ಹೆಂಗೆ ಬಂದಿದೆ ಅಂತ.”

ಆಕೆ ಮಗುವಿನ ಬಲಮುಷ್ಟಿಯನ್ನು ಬಲವಂತವಾಗಿ ಬಿಡಿಸಿ, ಉರಿಯುವ ಪಂಜಿನ ಕಡ್ಡಿಯನ್ನು ಒಳಗೆ ತುರುಕಿ, ಮೇಲಿಂದ ತನ್ನ ಕೈ ಒತ್ತಿದಳು. ಪರೆ ಜೋರಾಯಿತು. ಪೇಚ್ಚಿಯಮ್ಮಾಳ್ ಗೆದ್ದವಳ ಮುಖ ಮಾಡಿಕೊಂಡು ಕೈ ತೆಗೆದಳು.

ಪಂಜು ಹೆಣದ ಎದೆಯ ಮೇಲೆ ಬಿತ್ತು. ತಂಗರಾಸು ತಂದ ಹಾರ ಚುರುಚುರು ಎಂದು ಹತ್ತಿಕೊಂಡಿತು, ಹೊಸ ಪಂಚೆ ಕಂದಿತು. ಮಾಯಾಂಡಿ ಬರಿಗೈಯಲ್ಲಿ ಬಡಿದು ಆರಿಸಿದ. ಪರೆ ನಿಂತಿತು. ಮಗು ಕಿರುಚುತ್ತಿತ್ತು, ಅದಕ್ಕೆ ಸುಟ್ಟಿರಲಿಲ್ಲ, ಅದರ ಪುಣ್ಯ.

ಪೇಚ್ಚಿಯಮ್ಮಾಳ್ ಆ ಬಲಗೈಯ ಮೇಲೆ ಪಟ್ಟೆಂದು ಹೊಡೆದಳು. “ಹಟ! ಅದೇ ಹಟ! ಬೇಕಂತ ಬಿಟ್ಟ, ನೋಡಿದ್ರಾ? ಇವನ ಮೈಮೇಲೆ ಇರುಳಪ್ಪನೇ ಬಂದಿದಾನೆ!”

ಜನರಿಗೆ ರೋಮಾಂಚನವಾಯಿತು. ಇಬ್ಬರು ಹೆಂಗಸರು ಮಗುವಿಗೆ ಕೈಮುಗಿದೇಬಿಟ್ಟರು. ತಂಗರಾಸು ಕೂಡ, ತಿಳಿದವರು, “ವಂಶದಲ್ಲಿ ಇಂಥದ್ದೆಲ್ಲ ಉಂಟು,” ಎಂದರು. ಮಗುವಿನ ಕೈಯಲ್ಲಿ ಹಿಡಿತವಿಲ್ಲ ಎಂಬ ಮಾತೊಂದನ್ನು ಬಿಟ್ಟು ಬೇರೆ ಏನನ್ನು ಬೇಕಾದರೂ ನಂಬಲು ಆ ಚಪ್ಪರ ಸಿದ್ಧವಿತ್ತು.

ಕಯಲ್‌ವಿಳಿ ಗಂಟಿಗೆ ಕೈ ಹಾಕಿದಳು. ಅದು ಬಿಡಲಿಲ್ಲ.

“ಮಾಯಾಂಡಣ್ಣಾ, ಕತ್ತಿ ಕೊಡಿ.”

“ಅಮ್ಮಾ, ಇದು... ಇದರಲ್ಲೇ ಹೆಣದ ಗಡ್ಡ ತೆಗೆದಿದ್ದು.”

“ಕೊಡಿ.”

ಅವನು ಕೊಟ್ಟ. ಹೆಂಗಸರು ಹೋ ಎಂದರು. ಅವಳು ಆ ಕ್ಷೌರದ ಕತ್ತಿಯಿಂದ ಟವೆಲ್ಲನ್ನು ಕುಯ್ದು ಕೆಳಗೆ ಎಸೆದಳು. ಪಾಂಡೀಶ್ವರನ್ ನುಣ್ಣಗಿನ ತಲೆಯಲ್ಲಿ, ಹೆಗಲ ಮೇಲೆ ನೀರಿನ ಮಡಕೆ ಹೊತ್ತು, ಎಲ್ಲವನ್ನೂ ನೋಡುತ್ತಾ ನಿಂತಿದ್ದ. ಅಷ್ಟರಲ್ಲಿ ಯಾರೋ “ಹೊತ್ತಾಯ್ತು, ಎತ್ರಪ್ಪಾ” ಎಂದರು. ಅವನಿಗೆ ಬದುಕಿದಂತಾಯಿತು. ಚಟ್ಟ ಎದ್ದಿತು, ಗಂಡಸರೆಲ್ಲ ಅದರ ಹಿಂದೆ ಬೀದಿ ತಿರುಗಿ ಮರೆಯಾದರು.

ಹೆಂಗಸರು ಬೀದಿಗೆ ಸಗಣಿ ನೀರು ಹಾಕಿ, ಅಂಗಳದಲ್ಲೇ ತಲೆಗೆ ನೀರು ಸುರಿದುಕೊಂಡರು. ಕಯಲ್‌ವಿಳಿಯೂ ಮಗುವಿಗೆ ನೀರು ಹಾಕಿ, ತಾನೂ ಸುರಿದುಕೊಂಡು, ಸೆರಗು ಹಿಂಡಿ, ಮಗುವಿಗೆ ಒಣಗಿದ ಅಂಗಿ ಹಾಕಿ ಚೀಲ ತೆಗೆದುಕೊಂಡಳು.

“ಎಲ್ಲಿಗೆ?” ಎಂದಳು ಪೇಚ್ಚಿಯಮ್ಮಾಳ್.

“ಮಧುರೈಗೆ. ಬೆಳಿಗ್ಗೆ ಆಸ್ಪತ್ರೇಲಿ ತೋರಿಸ್ತೀನಿ.”

“ಹೆಣ ಇನ್ನೂ ಸುಟ್ಟಿಲ್ಲ. ಸೂತಕ ಹೊತ್ಕೊಂಡು ಯಾವ ಮನೆ ಹೊಸಿಲು ತುಳೀತೀಯಾ?”

“ಅಕ್ಕನ ಮನೆ ಇದೆ. ಅವಳು ಬಾಗಿಲು ತೆಗೀದಿದ್ರೆ ಆಸ್ಪತ್ರೆ ವರಾಂಡದಲ್ಲಿ ಮಲಗ್ತೀನಿ.”

“ಡಾಕ್ಟ್ರು ಏನು ಕೈ ಹೊಸದು ಹಾಕ್ತಾನಾ?”

“ಗೊತ್ತಿಲ್ಲ ಅಜ್ಜಿ. ಏನಿದೆ ಅಂತ ಹೇಳ್ತಾನಲ್ಲ. ಈ ಮನೇಲಿ ಅರವತ್ತು ವರ್ಷದಿಂದ ಅದನ್ನೂ ಯಾರೂ ಹೇಳಿಲ್ಲ.”

“ಗಂಡ ಬಂದು ಕೇಳಿದ್ರೆ?”

“ಹದಿನಾರನೇ ದಿನ ಹೇಳಿ.”

ಪೇಚ್ಚಿಯಮ್ಮಾಳ್ ಶಾಪ ಹಾಕಲು ಶುರುಮಾಡಿದಳು. ಒದ್ದೆ ಹೆಂಗಸರು ಚೆನ್ನಾಗಿ ಕೇಳಿಸಲೆಂದು ಹತ್ತಿರ ಸರಿದರು. ಕಯಲ್‌ವಿಳಿ ಸಗಣಿ ನೀರು ತುಳಿದುಕೊಂಡು ಬೀದಿಗಿಳಿದಳು.

ಮಧುರೈ ಬಸ್ಸು ತುಂಬಿತ್ತು. ಮೂವರು ಕೂರುವ ಸೀಟಿನಲ್ಲಿ ಇಬ್ಬರು ಹೆಂಗಸರು ಕಷ್ಟಪಟ್ಟು ಅಂಗೈಯಗಲ ಜಾಗ ಕೊಟ್ಟರು. ಅವಳ ಸೀರೆಯಿಂದ ನೀರು ಇಳಿಯುತ್ತಿತ್ತು, ಹಣೆ ಬೋಳಾಗಿತ್ತು, ಕೂದಲು ಕಟ್ಟಿರಲಿಲ್ಲ. ಪಕ್ಕದವಳು ಮೇಲಿಂದ ಕೆಳಗೆ ನೋಡಿದಳು.

“ಎಲ್ಲಿಂದ ಬರ್ತಿದೀಯಮ್ಮಾ ಹಿಂಗೆ?”

“ಸಾವಿನ ಮನೆಯಿಂದ.”

“ಯಾವಾಗ ಆಗಿದ್ದು?”

“ಈಗಷ್ಟೇ ಎತ್ಕೊಂಡು ಹೋದರು.”

ಪಕ್ಕದವಳು ಎದ್ದಳು. ಕಿಟಕಿಯ ಕಡೆಯವಳು ಅವಳನ್ನು ದಾಟಿಕೊಂಡು, ಸೆರಗು ತಾಗದ ಹಾಗೆ ಎತ್ತಿ ಹಿಡಿದು, ಅದಕ್ಕಿಂತ ಬೇಗ ಎದ್ದಳು. ಮುಂದಿನ ಸೀಟಿನವರೂ ಗೊಣಗುತ್ತಾ ಕಂಬಿ ಹಿಡಿದು ನಿಂತರು. ಅಷ್ಟು ತುಂಬಿದ ಬಸ್ಸಿನಲ್ಲಿ ಜನ ಒಬ್ಬರ ಕಾಲನ್ನೊಬ್ಬರು ತುಳಿಯುತ್ತಾ ಹಿಂದಕ್ಕೂ ಮುಂದಕ್ಕೂ ಒತ್ತರಿಸಿಕೊಂಡರು. ಕಯಲ್‌ವಿಳಿಯ ಸುತ್ತ ಎರಡು ಸಾಲು ಖಾಲಿಯಾಯಿತು.

ಅವಳು ಕಿಟಕಿಗೆ ಸರಿದು, ಮಗನನ್ನು ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿ, ಕಾಲು ಚಾಚಲು ಬಿಟ್ಟಳು. ಅವನು ಎಡಗೈಯಿಂದ ಕಿಟಕಿಯ ಸರಳನ್ನು ಬಡಿಯುತ್ತಾ ಕೇಕೆ ಹಾಕಿದ. ಅವಳು ಅವನ ಬಲಮುಷ್ಟಿಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಕಿರುಬೆರಳಿನಿಂದ ಶುರುಮಾಡಿ, ಒಂದೊಂದೇ ಬೆರಳನ್ನು ಬಿಡಿಸತೊಡಗಿದಳು.